ದಿನವಿಡೀ ಹಾಕಿಕೊಳ್ಳುವ ಹೆಡ್‌ಸೆಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಪಾಠ ಹೇಳುವವರು, ಗ್ರಾಹಕರ ಕರೆ ಸ್ವೀಕರಿಸುವವರು, ಧ್ವನಿಮುದ್ರಣ ಕೇಳಿ ಬರಹಕ್ಕಿಳಿಸುವವರು, ಒಂದು ಸಭೆ ಮುಗಿಸಿ ಇನ್ನೊಂದಕ್ಕೆ ಸೇರಿಕೊಳ್ಳುವವರು ಮಾತಿನಲ್ಲೂ ಪತ್ರಗಳಲ್ಲೂ ನನ್ನನ್ನು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳಿವು. ಸರಳವಾದವು ಮೊದಲು, ತಾಂತ್ರಿಕವಾದವು ಕೊನೆಗೆ. ಸಂಗೀತ ಕೇಳಲಿಕ್ಕೆಂದೇ ಹೆಡ್‌ಫೋನ್ ಹುಡುಕುತ್ತಿರುವವರಿಗೆ ಇಲ್ಲಿ ಹೆಚ್ಚೇನೂ ಸಿಗದು. ದಿನಕ್ಕೆ ಐದಾರು ಗಂಟೆ ಮಾತನಾಡುತ್ತ, ಕೇಳುತ್ತ ದುಡಿಯುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು.

## ಕೊಳ್ಳುವ ಮುನ್ನ

ಹೆಡ್‌ಸೆಟ್ ಕೊಳ್ಳಬೇಕು. ಮೊದಲು ಏನನ್ನು ನೋಡಲಿ?

ತಲೆಯ ಮೇಲೆ ಅದು ಹೇಗೆ ಕೂರುತ್ತದೆ ಎಂಬುದನ್ನು. ತೂಕ, ಬದಿಗಳ ಬಿಗಿತ, ಕುಶನ್ ಈ ಮೂರೂ ಹೊಂದಿದರೆ ಮಾತ್ರ ಮುಂದಿನ ಲೆಕ್ಕ. ಆಮೇಲೆ ಮೈಕ್, ಆಮೇಲೆ ವೈರ್ ಇರಬೇಕೋ ಬೇಡವೋ ಎಂಬ ಯೋಚನೆ, ಕಟ್ಟಕಡೆಗೆ ಧ್ವನಿಯ ಗುಣಮಟ್ಟ. ಹೆಚ್ಚಿನವರು ಇದನ್ನು ತಿರುಗಾಮುರುಗಾ ಮಾಡುತ್ತಾರೆ. ಮಾತು ಕೇಳಿಸಿಕೊಳ್ಳಲು ಬೇಕಾದಷ್ಟು ಸ್ಪಷ್ಟತೆ ಇಂದು ಸಾಧಾರಣ ದರ್ಜೆಯ ಹೆಡ್‌ಸೆಟ್‌ನಲ್ಲೂ ಇರುತ್ತದೆ. ಮಧ್ಯಾಹ್ನದ ಹೊತ್ತಿಗೆ ತಲೆಯಿಂದ ಕಿತ್ತು ಮೇಜಿನ ಮೇಲಿಡಬೇಕೆನಿಸುವ ಹೆಡ್‌ಸೆಟ್‌ನ ಧ್ವನಿ ಎಷ್ಟೇ ಇಂಪಾಗಿದ್ದರೂ ಪ್ರಯೋಜನವಿಲ್ಲ.

ಅಂಗಡಿಯಲ್ಲಿ ಹಾಕಿದಾಗ ಹಾಯಾಗಿತ್ತು, ಮನೆಗೆ ತಂದ ಮೇಲೆ ಒಂದೇ ಗಂಟೆಗೆ ತಲೆ ನೋಯುತ್ತದೆ. ಯಾಕೆ?

ಹೊಸ ಚಪ್ಪಲಿಯ ಹಾಗೆಯೇ ಇದೂ. ಎರಡು ಹೆಜ್ಜೆಗೆ ಗೊತ್ತಾಗದ್ದು ಎರಡು ಮೈಲಿಗೆ ಗೊತ್ತಾಗುತ್ತದೆ. ಮೆತ್ತಗಿದೆಯೋ ಇಲ್ಲವೋ ಎಂಬುದು ಮುಟ್ಟಿದ ಕ್ಷಣಕ್ಕೇ ತಿಳಿಯುತ್ತದೆ. ಒತ್ತಡ ಹಾಗಲ್ಲ, ಅದು ನಿಧಾನವಾಗಿ ಕೂಡುತ್ತಾ ಹೋಗುತ್ತದೆ. ಒಂದೇ ಜಾಗದ ಚರ್ಮ ಒತ್ತಿಕೊಂಡೇ ಇದ್ದರೆ ಅಲ್ಲಿ ರಕ್ತ ಸರಾಗವಾಗಿ ಹರಿಯುವುದಿಲ್ಲ. ಮೊದಲು ಬಿಸಿ, ಆಮೇಲೆ ಜೋಮು, ಆಮೇಲೆ ನೋವು.

ಆದ್ದರಿಂದ ಅಂಗಡಿಯಲ್ಲಿ ಕನಿಷ್ಠ ಇಪ್ಪತ್ತು ನಿಮಿಷವಾದರೂ ಹಾಕಿಕೊಂಡಿರಿ, ಅಷ್ಟು ಹೊತ್ತು ಬೇರೇನನ್ನಾದರೂ ನೋಡುತ್ತಿರಿ. ವಾಪಸು ಕೊಡುವ ಅವಕಾಶವಿದ್ದರೆ ಮನೆಯಲ್ಲಿ ಒಂದೇ ಸಮನೆ ಎರಡು ಗಂಟೆ ಕೆಲಸ ಮಾಡಿ ನೋಡಿ. ತೆಗೆದ ಕೂಡಲೇ ಕನ್ನಡಿಯ ಮುಂದೆ ನಿಲ್ಲಿ. ನೋವಿನ ಜಾಗವೇ ದೋಷ ಯಾವುದೆಂದು ಹೇಳುತ್ತದೆ. ನೆತ್ತಿಯ ನಡುವೆ ನೋವಿದ್ದರೆ ತಲೆಪಟ್ಟಿ ಸಪೂರವಾಗಿದೆ ಅಥವಾ ಹೆಡ್‌ಸೆಟ್ ಭಾರವಾಗಿದೆ. ಕಪಾಲದ ಬದಿಗಳಲ್ಲಿ, ದವಡೆಯ ಕೀಲಿನ ಬಳಿ ನೋವಿದ್ದರೆ ಹಿಡಿತ ಹೆಚ್ಚಾಗಿದೆ. ಕಿವಿಯ ಮೇಲಂಚು ಕೆಂಪಾಗಿದ್ದರೆ ಇಯರ್‌ಕಪ್ ಚಿಕ್ಕದು. ಕಿವಿಯ ನಡುಭಾಗ ಮಾತ್ರ ನೋಯುತ್ತಿದ್ದರೆ ಕಪ್‌ನ ಆಳ ಸಾಲದು, ಒಳಗಿನ ಗಟ್ಟಿ ಜಾಲರಿ ಕಿವಿಗೆ ತಾಗುತ್ತಿದೆ ಎಂದರ್ಥ. ಇಯರ್‌ಕಪ್ಪಿನ ಅಳತೆಯ ದೋಷ ದಿನ ಕಳೆದಂತೆ ಸರಿಹೋಗುವುದಿಲ್ಲ. ಕುಶನ್ ಬಳಸುತ್ತ ಚಪ್ಪಟೆಯಾದ ಹಾಗೆ ಅದು ಇನ್ನೂ ಹೆಚ್ಚುತ್ತದೆ.

ಕಿವಿಯ ಮೇಲೆ ಕೂರುವುದು, ಕಿವಿಯನ್ನು ಸುತ್ತುವರಿಯುವುದು, ಕಿವಿಯೊಳಗೆ ತೂರುವುದು. ಯಾವುದು ಒಳ್ಳೆಯದು?

ಎರಡು ಗಂಟೆಗಿಂತ ಹೆಚ್ಚು ಹೊತ್ತು ಹಾಕಿಕೊಳ್ಳುವವರಿಗೆ ಕಿವಿಯನ್ನು ಪೂರ್ತಿ ಸುತ್ತುವರಿಯುವುದೇ ನನ್ನ ಮೊದಲ ಆಯ್ಕೆ. ಅದರ ಬದಿಗಳ ಒತ್ತಡವೆಲ್ಲ ಕಿವಿಯ ಸುತ್ತಲಿನ ಮೂಳೆಯ ಮೇಲೆ ಬೀಳುತ್ತದೆ, ಕಿವಿಗೆ ಏನೂ ತಾಗುವುದಿಲ್ಲ. ಕಿವಿಯ ಮೇಲೆ ಕೂರುವುದು ಹಗುರ, ಗಾಳಿಯಾಡುತ್ತದೆ, ಆದರೆ ಕಿವಿಯ ಮೃದ್ವಸ್ಥಿಯನ್ನು ತಲೆಗೆ ಒತ್ತಿ ಹಿಡಿಯುತ್ತದೆ. ಆಗಾಗ ತೆಗೆದಿಡುವವರಿಗೆ, ಒಂದೊಂದೇ ಚಿಕ್ಕ ಕರೆ ಮಾಡುವವರಿಗೆ ಅದು ಸಾಕು. ಕಿವಿಯೊಳಗೆ ತೂರುವುದನ್ನು ದಿನವಿಡೀ ಬಳಸಿದರೆ ಕಿವಿನಾಳದಲ್ಲಿ ತೇವ ನಿಲ್ಲುತ್ತದೆ, ಗುಗ್ಗೆ ಒಳಕ್ಕೆ ತಳ್ಳಿಕೊಳ್ಳುತ್ತದೆ, ಕೆಲವರಿಗೆ ತುರಿಕೆಯೂ ಶುರುವಾಗುತ್ತದೆ.

ಸುತ್ತುವರಿಯುವುದನ್ನು ಆರಿಸುವವರು ಮೊದಲು ಕನ್ನಡಿಯ ಮುಂದೆ ಅಳತೆಪಟ್ಟಿ ಹಿಡಿದು ಕಿವಿಯನ್ನು ಅಳೆದುಕೊಳ್ಳಿ. ವಯಸ್ಕರ ಕಿವಿ ಸಾಮಾನ್ಯವಾಗಿ 6 ಸೆಂ.ಮೀ. ಆಸುಪಾಸು ಉದ್ದವಿರುತ್ತದೆ, ತಲೆಯಿಂದ 2 ಸೆಂ.ಮೀ. ವರೆಗೆ ಹೊರಚಾಚಿರುತ್ತದೆ. ನೋಡಬೇಕಾದದ್ದು ಇಯರ್‌ಕಪ್‌ನ ಹೊರಗಾತ್ರವನ್ನಲ್ಲ, ಕುಶನ್‌ನ ಒಳಗಿನ ತೂತಿನ ಉದ್ದವನ್ನು ಮತ್ತು ಆಳವನ್ನು. ಹೊರಗಿನಿಂದ ದೊಡ್ಡದಾಗಿ ಕಾಣುವ ಎಷ್ಟೋ ಹೆಡ್‌ಸೆಟ್‌ಗಳ ಒಳಗೆ ಕಿವಿಗೆ ಜಾಗವೇ ಇರುವುದಿಲ್ಲ.

ಒಂದೇ ಕಿವಿಯ ಹೆಡ್‌ಸೆಟ್ ಸಾಲದೇ?

ಪಕ್ಕದವರ ಮಾತಿಗೂ ಬಾಗಿಲ ಕರೆಗಂಟೆಗೂ ಕಿವಿಗೊಡಬೇಕಾದವರಿಗೆ ಸಾಕು. ಹಗುರ, ಸೆಕೆಯೂ ಕಡಿಮೆ. ಆದರೆ ಸುತ್ತ ಗದ್ದಲವಿದ್ದರೆ ತೆರೆದ ಕಿವಿಯನ್ನು ಮೀರಿ ಕೇಳಿಸಿಕೊಳ್ಳಲು ವಾಲ್ಯೂಮ್ ಏರಿಸುತ್ತಾ ಹೋಗುತ್ತೀರಿ. ಗದ್ದಲದ ಜಾಗದಲ್ಲಿ ಎರಡೂ ಕಿವಿಗಳದ್ದೇ ಇರಲಿ. ಒಂದೇ ಕಿವಿಯದನ್ನು ಬಳಸುವವರು ಅರ್ಧ ದಿನಕ್ಕೊಮ್ಮೆ ಕಿವಿ ಬದಲಿಸಿ. ಮೈಕ್‌ನ ಕೋಲು ಎರಡೂ ಕಡೆಗೆ ತಿರುಗುತ್ತದೆಯೇ ಎಂದು ಕೊಳ್ಳುವಾಗಲೇ ನೋಡಿಕೊಳ್ಳಿ.

## ತಲೆ, ಕಿವಿ, ಕನ್ನಡಕ

ಎಷ್ಟು ಗ್ರಾಂ ಇದ್ದರೆ ಹಗುರ ಎನ್ನಬಹುದು?

ಕಚೇರಿ ಬಳಕೆಯ ಹಗುರ ಹೆಡ್‌ಸೆಟ್‌ಗಳು 100ರಿಂದ 180 ಗ್ರಾಂ ಇರುತ್ತವೆ. ಕಿವಿ ಸುತ್ತುವರಿಯುವ ಒಳ್ಳೆಯವು 200ರಿಂದ 280. ಗೇಮಿಂಗ್‌ಗೆಂದು ಮಾರುವವು 350 ದಾಟುವುದೂ ಉಂಟು. ದಿನವಿಡೀ ಬಳಸುವುದಾದರೆ 300 ಗ್ರಾಂ ದಾಟಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆ ಭಾರವನ್ನು ಹೊರುವುದು ನೆತ್ತಿಯೊಂದೇ ಅಲ್ಲ, ಕುತ್ತಿಗೆಯೂ ಹೊರುತ್ತದೆ, ಅದರಲ್ಲೂ ಪರದೆಯ ಕಡೆಗೆ ಬಾಗಿ ಕೂರುವ ಅಭ್ಯಾಸವಿದ್ದರೆ.

ಆದರೆ ಗ್ರಾಂ ಲೆಕ್ಕವೊಂದೇ ಸಾಲದು. 250 ಗ್ರಾಂ ಭಾರ ಅಗಲವಾದ ಪಟ್ಟಿಯ ಮೇಲೆ ಹರಡಿಕೊಂಡರೆ ಗೊತ್ತೇ ಆಗುವುದಿಲ್ಲ. ಅದೇ 180 ಗ್ರಾಂ ಬೆರಳಗಲದ ಗಟ್ಟಿ ಪ್ಲಾಸ್ಟಿಕ್ ಮೇಲೆ ನಿಂತರೆ ನೆತ್ತಿಯಲ್ಲಿ ಗೆರೆ ಮೂಡುತ್ತದೆ. ಕೆಲವು ಹೆಡ್‌ಸೆಟ್‌ಗಳಲ್ಲಿ ಗಟ್ಟಿ ಕಮಾನಿನ ಕೆಳಗೆ ಎಳೆದರೆ ಹಿಗ್ಗುವ ಮೆತ್ತನೆಯ ಪಟ್ಟಿಯೊಂದು ತೂಗುತ್ತಿರುತ್ತದೆ. ತಲೆಯ ಆಕಾರಕ್ಕೆ ತಾನೇ ಹೊಂದಿಕೊಳ್ಳುವ ಆ ವ್ಯವಸ್ಥೆ ನನಗೆ ತುಂಬಾ ಇಷ್ಟ.

ಹಿಡಿತ ತುಂಬಾ ಬಿಗಿ. ಬಗ್ಗಿಸಿ ಸಡಿಲ ಮಾಡಬಹುದೇ?

ಕಮಾನಿನೊಳಗೆ ಉಕ್ಕಿನ ಪಟ್ಟಿ ಇದ್ದರೆ ಮಾಡಬಹುದು. ನಿಮ್ಮ ತಲೆಗಿಂತ ತುಸುವೇ ಅಗಲವಿರುವ ಪುಸ್ತಕಗಳ ಅಟ್ಟಿಗೆ ಸಿಕ್ಕಿಸಿ ಒಂದು ರಾತ್ರಿ ಬಿಡಿ. ಬೆಳಿಗ್ಗೆ ಹಾಕಿ ನೋಡಿ, ಸಾಲದಿದ್ದರೆ ಇನ್ನೊಂದು ರಾತ್ರಿ. ಒಂದೇ ಸಲಕ್ಕೆ ಕೈಯಿಂದ ಎಳೆದು ಬಗ್ಗಿಸಬೇಡಿ. ಪೂರಾ ಪ್ಲಾಸ್ಟಿಕ್ ಆಗಿದ್ದರೆ ಈ ಉಪಾಯವೇ ಬೇಡ, ಇಯರ್‌ಕಪ್ ಸೇರುವ ಮೂಲೆಯಲ್ಲಿ ಕೂದಲೆಳೆಯಷ್ಟು ಬಿರುಕು ಮೂಡಿ ಕೆಲವು ವಾರಗಳಲ್ಲಿ ಮುರಿಯುತ್ತದೆ. ತೀರಾ ಸಡಿಲವಾದರೂ ಕಷ್ಟ. ತಲೆ ಬಗ್ಗಿಸಿದಾಗಲೆಲ್ಲ ಜಾರುತ್ತದೆ, ಮೈಕ್ ಬಾಯಿಂದ ದೂರ ಸರಿಯುತ್ತದೆ.

ಕನ್ನಡಕ ಹಾಕುತ್ತೇನೆ. ಕಿವಿಯ ಹಿಂದೆ ಕೊರೆದ ಹಾಗೆ ನೋವು. ಏನಾದರೂ ದಾರಿ ಇದೆಯೇ?

ಇದೆ. ಕುಶನ್ ಕನ್ನಡಕದ ಕಡ್ಡಿಯನ್ನು ಕಪಾಲಕ್ಕೆ ಒತ್ತುವುದೇ ಈ ನೋವಿಗೆ ಕಾರಣ. ದಪ್ಪ, ಮೃದು ಸ್ಪಂಜಿನ ಕುಶನ್ ಕಡ್ಡಿಯ ಸುತ್ತ ಬಾಗಿ ಜಾಗ ಬಿಡುತ್ತದೆ. ತೆಳ್ಳಗಿನ ಗಟ್ಟಿ ಕುಶನ್ ಒತ್ತುತ್ತದೆ. ಕಡ್ಡಿ ಹಾಯುವಲ್ಲಿ ಕುಶನ್ ಅನ್ನು ಮೃದುವಾಗಿಸಿರುವ ಮಾದರಿಗಳೂ ಸಿಗುತ್ತವೆ. ಕೆಲಸದ ಹೊತ್ತಿಗೆಂದೇ ತೆಳ್ಳನೆಯ ಲೋಹದ ಕಡ್ಡಿಯ ಕನ್ನಡಕವೊಂದನ್ನು ಇಟ್ಟುಕೊಳ್ಳುವುದೂ ಒಳ್ಳೆಯ ಪರಿಹಾರ. ಹೆಡ್‌ಸೆಟ್ ಪರೀಕ್ಷಿಸಲು ಹೋಗುವಾಗ ದಿನಾ ಹಾಕುವ ಕನ್ನಡಕವನ್ನೇ ಹಾಕಿಕೊಂಡು ಹೋಗಿ.

ತುರುಬು ಕಟ್ಟುತ್ತೇನೆ. ತಲೆಪಟ್ಟಿ ಅದರ ಮೇಲೆ ನಿಲ್ಲುವುದೇ ಇಲ್ಲ.

ಪಟ್ಟಿ ಕುತ್ತಿಗೆಯ ಹಿಂದೆ ಹಾಯುವ ಮಾದರಿಗಳಿವೆ. ರುಮಾಲು ಸುತ್ತುವವರಿಗೂ ಅನುಕೂಲ. ಆದರೆ ಎತ್ತರದ ಬೆನ್ನಿನ ಕುರ್ಚಿಗೆ ತಲೆಯಾನಿಸಿ ಕೂರುವವರಿಗೆ ಅದು ಅಡ್ಡ ಬರುತ್ತದೆ.

ಕುಶನ್ ಚರ್ಮದ್ದೋ ಬಟ್ಟೆಯದ್ದೋ? ನನ್ನ ಕಿವಿ ಬೆವೆತು ಒದ್ದೆಯಾಗುತ್ತದೆ.

ಬೆವರುವವರಿಗೆ ಬಟ್ಟೆ ಅಥವಾ ವೆಲ್ವೆಟ್ ತರಹದ ಹೊದಿಕೆಯೇ ಸರಿ. ಗಾಳಿಯಾಡುತ್ತದೆ, ತೇವ ಹೀರಿಕೊಳ್ಳುತ್ತದೆ. ಹೊರಗಿನ ಸದ್ದು ಮಾತ್ರ ಸ್ವಲ್ಪ ಹೆಚ್ಚು ಒಳಬರುತ್ತದೆ. ಕೃತಕ ಚರ್ಮ ಸದ್ದನ್ನು ಚೆನ್ನಾಗಿ ತಡೆಯುತ್ತದೆ, ಒರೆಸಲೂ ಸುಲಭ, ಆದರೆ ಶಾಖವನ್ನು ಒಳಗೇ ಹಿಡಿದಿಡುತ್ತದೆ.

ಕೃತಕ ಚರ್ಮಕ್ಕೆ ಇನ್ನೊಂದು ಕಾಯಿಲೆಯಿದೆ. ಬೆವರು, ಚರ್ಮದ ಎಣ್ಣೆ, ಗಾಳಿಯ ತೇವ ಸೇರಿ ಅದರ ಪಾಲಿಯುರೆಥೇನ್ ಪದರವನ್ನು ಒಡೆಯುತ್ತವೆ. ಒಂದೆರಡು ವರ್ಷಕ್ಕೆ ಕರಿಯ ಹೊಟ್ಟು ಉದುರತೊಡಗುತ್ತದೆ. ಕಿವಿಯ ಹಿಂದೆ, ಅಂಗಿಯ ಕಾಲರಿನಲ್ಲಿ, ಕೀಬೋರ್ಡಿನ ಸಂದಿಗಳಲ್ಲೆಲ್ಲ ಅದೇ ಪುಡಿ. ಆಗ ಹೆಡ್‌ಸೆಟ್ ಎಸೆಯಬೇಕಿಲ್ಲ, ಕುಶನ್ ಬದಲಿಸಿದರೆ ಸಾಕು. ಅದಕ್ಕೇ ಕೊಳ್ಳುವ ಮುನ್ನ ಆ ಮಾದರಿಗೆ ಬಿಡಿ ಕುಶನ್ ಸಿಗುತ್ತದೆಯೇ ಎಂದು ಹುಡುಕಿ ನೋಡಿ. ಸಿಗದಿದ್ದರೆ ನಾನಂತೂ ಆ ಮಾದರಿಯನ್ನು ಯಾರಿಗೂ ಹೇಳುವುದಿಲ್ಲ.

## ಮೈಕ್ ಮತ್ತು ನಿಮ್ಮ ಧ್ವನಿ

ಮೈಕ್ ಬಾಯಿಂದ ಎಷ್ಟು ದೂರ ಇರಬೇಕು?

ಬಾಯಿಯ ಮೂಲೆಯಿಂದ ಎರಡು ಬೆರಳಗಲ ಆಚೆ, ತುಸು ಕೆಳಗೆ. ತುಟಿಗಳ ನೇರಕ್ಕಂತೂ ಬೇಡ. ಪ, ಬ ಉಚ್ಚರಿಸುವಾಗ ತುಟಿ ಬಿಚ್ಚಿದೊಡನೆ ಉಸಿರು ಹೊರನುಗ್ಗುತ್ತದೆ. ಫ, ಭ, ಖ, ಠ ಮುಂತಾದ ಮಹಾಪ್ರಾಣಗಳಲ್ಲಿ ಇನ್ನೂ ಜೋರು. ಆ ಗಾಳಿ ಮೈಕ್‌ಗೆ ನೇರವಾಗಿ ಬಡಿದರೆ ಕೇಳುವವರ ಕಿವಿಯಲ್ಲಿ ‘ಧಬ್’ ಎಂಬ ಸದ್ದು.

ಪರೀಕ್ಷಿಸುವುದು ಸುಲಭ. ಅಂಗೈಯನ್ನು ಮೈಕ್ ಇರುವ ಜಾಗದಲ್ಲಿ ಹಿಡಿದು ‘ಫಲ, ಭಾವ, ಪಾಠ’ ಎಂದು ಹೇಳಿ. ಅಂಗೈಗೆ ಗಾಳಿ ತಾಗಿದರೆ ಮೈಕನ್ನು ಇನ್ನಷ್ಟು ಬದಿಗೆ ಸರಿಸಿ. ಆಮೇಲೆ ಅದೇ ಪದಗಳನ್ನು ಕಂಪ್ಯೂಟರಿನಲ್ಲಿ ಮುದ್ರಿಸಿಕೊಂಡು ಕೇಳಿ. ಸ್ಪಂಜಿನ ಟೋಪಿ ಕೊಟ್ಟಿದ್ದರೆ ಬಿಸಾಡದೆ ಹಾಕಿಕೊಳ್ಳಿ, ಮೂಗಿನ ಉಸಿರಿನ ಸದ್ದನ್ನೂ ಅದು ತಡೆಯುತ್ತದೆ.

ಚಾಚಿದ ಕೋಲಿನ ಮೈಕ್ ಬೇಡವೆನಿಸುತ್ತದೆ. ಇಯರ್‌ಕಪ್ ಒಳಗೇ ಅಡಗಿರುವ ಮೈಕ್ ಆಗುವುದಿಲ್ಲವೇ?

ನಿಶ್ಶಬ್ದ ಕೋಣೆಯಲ್ಲಿ ಆಗುತ್ತದೆ. ಆದರೆ ದೂರ ದುಪ್ಪಟ್ಟಾದಾಗಲೆಲ್ಲ ಮೈಕ್ ತಲುಪುವ ನಿಮ್ಮ ಧ್ವನಿ ಸುಮಾರು 6 ಡೆಸಿಬೆಲ್ ತಗ್ಗುತ್ತದೆ, ಕೋಣೆಯ ಗದ್ದಲ ಮಾತ್ರ ಇದ್ದಷ್ಟೇ ಇರುತ್ತದೆ. ಬಾಯಿಂದ 3 ಸೆಂ.ಮೀ. ದೂರದ ಮೈಕ್‌ಗೂ 12 ಸೆಂ.ಮೀ. ದೂರದ ಇಯರ್‌ಕಪ್‌ಗೂ ಹೀಗೆ ಸುಮಾರು 12 ಡೆಸಿಬೆಲ್ ಅಂತರ ಬೀಳುತ್ತದೆ. ಆ ಕೊರತೆಯನ್ನು ತಂತ್ರಾಂಶದಿಂದ ತುಂಬಿಸಲು ಹೋದಾಗಲೇ ಮಾತಿನ ತುದಿಗಳು ಕತ್ತರಿಸಿಹೋಗುವುದು. ಮಾತೇ ಕಸುಬಾಗಿರುವವರು ಕೋಲಿನ ಮೈಕನ್ನೇ ಆರಿಸಬೇಕು. ಮೇಲಕ್ಕೆತ್ತಿದರೆ ತಾನೇ ಮ್ಯೂಟ್ ಆಗುವಂಥದ್ದು ಸಿಕ್ಕರೆ ಇನ್ನೂ ಒಳ್ಳೆಯದು.

ಡಬ್ಬಿಯ ಮೇಲೆ ‘ನಾಯ್ಸ್ ಕ್ಯಾನ್ಸಲಿಂಗ್’ ಎಂದಿದೆ. ಆದರೂ ಆಚೆಯವರಿಗೆ ನಮ್ಮ ಮನೆಯ ಗದ್ದಲವೆಲ್ಲ ಕೇಳಿಸುತ್ತದೆಯಂತೆ. ಇದು ಮೋಸವಲ್ಲವೇ?

ಒಂದೇ ಹೆಸರಿನಲ್ಲಿ ಎರಡು ಬೇರೆ ಸೌಲಭ್ಯಗಳನ್ನು ಮಾರುತ್ತಿರುವುದರಿಂದ ಆದ ಗೊಂದಲವಿದು. ಮೊದಲನೆಯದು ನಿಮ್ಮ ಕಿವಿಗೆ ಸಂಬಂಧಿಸಿದ್ದು. ಹೊರಗಿನ ಸದ್ದನ್ನು ಅಳೆದು ಅದಕ್ಕೆ ವಿರುದ್ಧವಾದ ಅಲೆಯನ್ನು ಸ್ಪೀಕರಿನಲ್ಲಿ ನುಡಿಸಿ ನಿಮಗೆ ಗದ್ದಲ ಕಡಿಮೆ ಕೇಳುವಂತೆ ಮಾಡುತ್ತದೆ. ಎರಡನೆಯದು ಮೈಕ್‌ಗೆ ಸಂಬಂಧಿಸಿದ್ದು. ನಿಮ್ಮ ಸುತ್ತಲಿನ ಸದ್ದು ಆಚೆಯವರಿಗೆ ಹೋಗದಂತೆ ತಡೆಯುತ್ತದೆ. ನಿಮಗೆ ಬೇಕಾಗಿದ್ದದ್ದು ಎರಡನೆಯದು, ಸಿಕ್ಕಿದ್ದು ಮೊದಲನೆಯದು.

ಮೊದಲನೆಯದಕ್ಕೂ ಮಿತಿಯಿದೆ. ಫ್ಯಾನ್, ಎಂಜಿನ್, ಏರ್‌ಕಂಡೀಶನರ್ ಹೊರಡಿಸುವಂಥ ಒಂದೇ ಸಮನೆಯ ಕೆಳಸ್ಥಾಯಿಯ ಗುಂಯ್‌ಗುಡುವಿಕೆಯನ್ನು ಅದು ಚೆನ್ನಾಗಿ ಅಡಗಿಸುತ್ತದೆ. ಸುಮಾರು 1,000 ಹರ್ಟ್ಸ್ (ಸೆಕೆಂಡಿಗೆ 1,000 ಕಂಪನ) ಮೀರಿದ ಸದ್ದುಗಳಲ್ಲಿ, ಅಂದರೆ ಮಗುವಿನ ಅಳು, ಪಾತ್ರೆ ಬಿದ್ದ ಸದ್ದು, ಪಕ್ಕದವರ ಮಾತಿನ ಮೊನೆಗಳಲ್ಲಿ, ಅದರ ಆಟ ಅಷ್ಟಾಗಿ ನಡೆಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ದಪ್ಪ ಕುಶನ್ನೇ.

ಹೆಡ್‌ಸೆಟ್ ಹಾಕಿದರೆ ನಾನು ಕೂಗಿ ಮಾತನಾಡುತ್ತೇನೆಂದು ಮನೆಯವರ ದೂರು. ಸಂಜೆಗೆ ಗಂಟಲೂ ಕಟ್ಟುತ್ತದೆ.

ತನ್ನ ದನಿ ತನಗೇ ಸರಿಯಾಗಿ ಕೇಳಿಸದಾಗ ಯಾರಾದರೂ ದನಿಯೇರಿಸುತ್ತಾರೆ. ಗದ್ದಲದಲ್ಲಿ ತಾನಾಗಿಯೇ ದನಿಯೇರುವುದನ್ನು ಫ್ರೆಂಚ್ ವೈದ್ಯ ಎತಿಯೆನ್ ಲೊಂಬಾರ್ 1911ರಲ್ಲಿ ವಿವರಿಸಿದರು, ಇಂದಿಗೂ ಅದು ಲೊಂಬಾರ್ಡ್ ಪರಿಣಾಮವೆಂದೇ ಹೆಸರಾಗಿದೆ. ಮುಚ್ಚಿದ ಇಯರ್‌ಕಪ್ ಹಾಕಿಕೊಂಡಾಗ ಆಗುವುದೂ ಹೆಚ್ಚುಕಡಿಮೆ ಇದೇ.

ಪರಿಹಾರದ ಹೆಸರು ಸೈಡ್‌ಟೋನ್. ಮೈಕ್ ಹಿಡಿದ ನಿಮ್ಮ ದನಿಯನ್ನೇ ಮೆಲ್ಲಗೆ ನಿಮ್ಮ ಕಿವಿಗೆ ಮರಳಿಸುವ ವ್ಯವಸ್ಥೆ ಇದು. ಹೆಡ್‌ಸೆಟ್‌ನ ತಂತ್ರಾಂಶದಲ್ಲೋ ಕಂಪ್ಯೂಟರಿನ ಧ್ವನಿ ಸೆಟ್ಟಿಂಗ್‌ನಲ್ಲೋ ಇರುತ್ತದೆ. ತನ್ನ ಮಾತು ಸಹಜವಾಗಿ ಕೇಳುವಷ್ಟಕ್ಕೆ ಏರಿಸಿಕೊಂಡರೆ ದನಿ ತಾನಾಗಿ ಇಳಿಯುತ್ತದೆ. ದಿನವಿಡೀ ಮಾತನಾಡುವ ಶಿಕ್ಷಕರಿಗೆ ನಾನು ಬೇರೆಲ್ಲಕ್ಕಿಂತ ಮೊದಲು ಹೇಳುವುದು ಇದನ್ನೇ, ಏಕೆಂದರೆ ಕೆಟ್ಟ ಗಂಟಲಿಗೆ ಬಿಡಿಭಾಗ ಸಿಗುವುದಿಲ್ಲ. ಸೈಡ್‌ಟೋನ್ ಇಲ್ಲದಿದ್ದರೆ ಒಂದು ಕಿವಿಯನ್ನು ಅರ್ಧ ತೆರೆದಿಟ್ಟುಕೊಳ್ಳಿ, ಇಲ್ಲವೇ ಹಿಂಬದಿ ತೆರೆದಿರುವ ಹೆಡ್‌ಸೆಟ್ ಆರಿಸಿ. ಎರಡನೆಯದು ಏಕಾಂತ ಕೋಣೆಗೆ ಮಾತ್ರ, ಅದರಿಂದ ಸದ್ದು ಹೊರಕ್ಕೂ ಸೋರುತ್ತದೆ.

## ಕಿವಿಯ ಆರೋಗ್ಯ, ಹೆಡ್‌ಸೆಟ್‌ನ ಬಾಳಿಕೆ

ದಿನಕ್ಕೆ ಎಂಟು ಗಂಟೆ ಹಾಕಿದರೆ ಕಿವಿ ಹಾಳಾಗುತ್ತದೆಯೇ?

ಗಂಟೆಗಳ ಲೆಕ್ಕವನ್ನು ವಾಲ್ಯೂಮ್‌ನ ಜೊತೆಗೇ ನೋಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ವಯಸ್ಕರಿಗೆ 80 ಡೆಸಿಬೆಲ್ ಮಟ್ಟದಲ್ಲಿ ವಾರಕ್ಕೆ 40 ಗಂಟೆ ಸುರಕ್ಷಿತ. ಪ್ರತಿ 3 ಡೆಸಿಬೆಲ್ ಏರಿಕೆಗೆ ಆ ಅವಧಿ ಅರ್ಧಕ್ಕಿಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ ಕೇವಲ 10 ಗಂಟೆ. ಮಾತು ಕೇಳಲು ಇಷ್ಟು ಜೋರು ಬೇಕಾಗುವುದೇ ಇಲ್ಲ. ಸುತ್ತಲ ಗದ್ದಲವನ್ನು ಮೀರಿಸಲು ನಾವು ಏರಿಸಿಕೊಳ್ಳುವುದಷ್ಟೆ. ಬೆಳಿಗ್ಗೆ ಕಿವಿ ದಣಿಯದಿರುವಾಗ ಸಾಲುವಷ್ಟು ವಾಲ್ಯೂಮ್ ಇಟ್ಟುಕೊಂಡು ಆ ಸಂಖ್ಯೆಯನ್ನು ನೆನಪಿಡಿ. ಸಂಜೆಗೆ ಅದು ಏರಿದ್ದರೆ ಕಿವಿ ದಣಿದಿದೆ ಎಂದೇ ತಿಳಿಯಿರಿ, ಸ್ವಲ್ಪ ಹೊತ್ತು ತೆಗೆದಿಡಿ. ಕೆಲಸ ಮುಗಿದ ಮೇಲೂ ಕಿವಿಯಲ್ಲಿ ಗುಂಯ್ ಎನ್ನುತ್ತಲೇ ಇದ್ದರೆ ತಡಮಾಡದೆ ಕಿವಿಯ ವೈದ್ಯರನ್ನು ಕಾಣಿ.

ಹೇಗೆ ಶುಚಿ ಮಾಡಲಿ? ಕಚೇರಿಯಲ್ಲಿ ಒಂದನ್ನೇ ಇಬ್ಬರು ಬಳಸುತ್ತೇವೆ.

ದಿನದ ಕೊನೆಗೆ ಒಣ ಬಟ್ಟೆ, ವಾರಕ್ಕೊಮ್ಮೆ ತುಸು ಒದ್ದೆ ಮಾಡಿದ ಬಟ್ಟೆ. ಮದ್ಯಸಾರ ಹೆಚ್ಚಿರುವ ದ್ರಾವಣದಿಂದ ಪದೇ ಪದೇ ಒರೆಸಿದರೆ ಕೃತಕ ಚರ್ಮ ಬೇಗ ಬಿರುಕು ಬಿಡುತ್ತದೆ. ಹಂಚಿಕೊಳ್ಳುವುದಾದರೆ ಕುಶನ್ ಮತ್ತು ಮೈಕ್‌ನ ಸ್ಪಂಜು ಪ್ರತಿಯೊಬ್ಬರದೂ ಬೇರೆಯಿರಲಿ.

ವೈರ್‌ಲೆಸ್ ಹೆಡ್‌ಸೆಟ್‌ನ ಬ್ಯಾಟರಿ ಎಷ್ಟು ವರ್ಷ ಬರುತ್ತದೆ?

ಲಿಥಿಯಂ ಬ್ಯಾಟರಿ ಬಳಕೆಗೆ ತಕ್ಕಂತೆ ಸವೆಯುತ್ತದೆ. ದಿನಾ ಬಳಸಿದರೆ ಎರಡು-ಮೂರು ವರ್ಷಗಳಲ್ಲಿ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಪೂರ್ತಿ ಬರಿದು ಮಾಡದೆ, ಬಿಸಿಲಲ್ಲಿ ಬಿಡದೆ ಇದ್ದರೆ ಹೆಚ್ಚು ಬಾಳುತ್ತದೆ. ಚಾರ್ಜ್ ಆಗುತ್ತಿರುವಾಗಲೂ ಮಾತನಾಡಲು ಬರುತ್ತದೆಯೇ ಎಂಬುದನ್ನು ಕೇಳಿಯೇ ಕೊಳ್ಳಿ. ಕೆಲವು ಮಾದರಿಗಳು ಚಾರ್ಜಿಗೆ ಹಾಕಿದೊಡನೆ ಆರಿಹೋಗುತ್ತವೆ.

## ಸಂಪರ್ಕ ಮತ್ತು ತಾಂತ್ರಿಕ ವಿವರ

ವೈರ್ ಇರುವುದೋ ಇಲ್ಲದ್ದೋ?

ಕುಳಿತಲ್ಲೇ ಕೆಲಸವಾದರೆ ಯುಎಸ್‌ಬಿ ವೈರ್. ಚಾರ್ಜಿನ ಚಿಂತೆಯಿಲ್ಲ, ತೂಕ ಕಡಿಮೆ, ಧ್ವನಿಯ ಸರ್ಕ್ಯೂಟ್ ಹೆಡ್‌ಸೆಟ್‌ನಲ್ಲೇ ಇರುವುದರಿಂದ ಕಂಪ್ಯೂಟರಿನೊಳಗಿನ ಕಿರಿಕಿರಿ ಸದ್ದೂ ಇಲ್ಲ. ಎದ್ದು ಓಡಾಡುತ್ತ ಮಾತನಾಡುವವರಿಗೆ ವೈರ್‌ಲೆಸ್ ನಿಜವಾದ ಉಪಕಾರ, ಬೆನ್ನಿಗೂ ಒಳ್ಳೆಯದು. ಗೋಡೆಗಳಾಚೆಗೂ ಹೋಗಬೇಕೆಂದರೆ 1.9 ಗಿಗಾಹರ್ಟ್ಸ್ ಆಸುಪಾಸಿನಲ್ಲಿ ಕೆಲಸ ಮಾಡುವ ಡೆಕ್ಟ್ (ತಂತಿಯಿಲ್ಲದ ಮನೆಫೋನುಗಳ ತಂತ್ರಜ್ಞಾನ) ಮಾದರಿಗಳನ್ನು ನೋಡಿ.

3.5 ಮಿ.ಮೀ. ಪಿನ್ ಚುಚ್ಚಿದರೆ ಕೇಳಿಸುತ್ತದೆ, ಮೈಕ್ ಮಾತ್ರ ಸತ್ತಂತಿದೆ.

ಪಿನ್ನಿನ ಮೇಲಿನ ಕರಿ ಗೆರೆಗಳನ್ನು ಎಣಿಸಿ. ಎರಡಿದ್ದರೆ ಅದರಲ್ಲಿ ಸ್ಟೀರಿಯೋ ಧ್ವನಿಯಷ್ಟೇ ಬರುತ್ತದೆ, ಮೂರಿದ್ದರೆ ಮೈಕ್ ಕೂಡ ಅದೇ ಪಿನ್ನಿನಲ್ಲಿದೆ. ಮೂರು ಗೆರೆಯ ಪಿನ್ನನ್ನು ಸ್ಪೀಕರ್‌ಗೆ ಮಾತ್ರ ಮೀಸಲಾದ ಹಸಿರು ತೂತಿಗೆ ಹಾಕಿದರೆ ಮೈಕ್‌ಗೆ ದಾರಿಯೇ ಇರುವುದಿಲ್ಲ. ಹಸಿರು, ಗುಲಾಬಿ ಎರಡು ಪಿನ್ನಾಗಿ ಕವಲೊಡೆಸುವ ಚಿಕ್ಕ ತಂತಿ ಸಿಗುತ್ತದೆ, ಅಷ್ಟೇ ಸಾಕು.

ಹಾಡು ಚೆನ್ನಾಗಿಯೇ ಕೇಳುತ್ತಿರುತ್ತದೆ. ಕರೆ ಶುರುವಾದ ತಕ್ಷಣ ಬ್ಲೂಟೂತ್ ಧ್ವನಿ ಮಂಕಾಗಿಬಿಡುತ್ತದೆ. ಹೆಡ್‌ಸೆಟ್ ಕೆಟ್ಟಿದೆಯೇ?

ಕೆಟ್ಟಿಲ್ಲ. ಹಳೆಯ ಬ್ಲೂಟೂತ್ ವ್ಯವಸ್ಥೆಯಲ್ಲಿ ಹಾಡಿಗೆ ಒಂದು ದಾರಿ, ಕರೆಗೆ ಇನ್ನೊಂದು. ಮೈಕ್ ತೆರೆದೊಡನೆ ಕರೆಯ ದಾರಿಗೆ ಹೊರಳುತ್ತದೆ. ಅಲ್ಲಿ ಧ್ವನಿಯನ್ನು ಸೆಕೆಂಡಿಗೆ 8,000 ಅಥವಾ 16,000 ಬಾರಿ ಮಾತ್ರ ಅಳೆಯಲಾಗುತ್ತದೆ. ಹೀಗೆ ಅಳೆದಾಗ ದಕ್ಕುವುದು ಆ ಸಂಖ್ಯೆಯ ಅರ್ಧದವರೆಗಿನ ಸದ್ದು ಮಾತ್ರ, ಹಾಗಾಗಿ 8,000 ಎಂದರೆ 4,000 ಹರ್ಟ್ಸ್‌ಗಿಂತ ಮೇಲಿನದೆಲ್ಲ ಹೋಯಿತು. ‘ಸ’ಕಾರದ ಬಹುಪಾಲು ಶಕ್ತಿ ಇರುವುದೇ ಅಲ್ಲಿ. ಸ, ಶ, ಫ ಒಂದರೊಳಗೊಂದು ಕಲೆಸಿಹೋಗಿ, ಹೆಸರುಗಳನ್ನು ಬಿಡಿಸಿ ಬಿಡಿಸಿ ಹೇಳಬೇಕಾಗುವುದು ಇದರಿಂದಲೇ. ಮೆದುಳು ಆ ಕೊರತೆಯನ್ನು ಊಹಿಸಿ ತುಂಬಿಕೊಳ್ಳುತ್ತಲೇ ಇರುವುದರಿಂದ ದಿನದ ಕೊನೆಗೆ ದಣಿವೂ ಹೆಚ್ಚು.

ದಾರಿಗಳು ಮೂರು. ಹೆಡ್‌ಸೆಟ್ ಜೊತೆಗೆ ಬರುವ ಯುಎಸ್‌ಬಿ ಡಾಂಗಲ್ (ಕಂಪ್ಯೂಟರಿಗೆ ಸಿಕ್ಕಿಸುವ ಪುಟ್ಟ ರಿಸೀವರ್) ಬಳಸುವುದು, ಅದರಲ್ಲಿ ಸಾಮಾನ್ಯವಾಗಿ ಧ್ವನಿ ಉತ್ತಮ. ಲ್ಯಾಪ್‌ಟಾಪಿನದೋ ಮೇಜಿನದೋ ಬೇರೆ ಮೈಕ್ ಬಳಸಿ ಹೆಡ್‌ಸೆಟ್‌ನಲ್ಲಿ ಬರೀ ಕೇಳುವುದು. ಅಥವಾ 2020ರಲ್ಲಿ ಪ್ರಕಟವಾದ ಹೊಸ ಬ್ಲೂಟೂತ್ ಧ್ವನಿ ವ್ಯವಸ್ಥೆಯಾದ ಎಲ್‌ಇ ಆಡಿಯೋ ಇರುವ ಹೆಡ್‌ಸೆಟ್ ಕೊಳ್ಳುವುದು. ಇದು ಕಂಪ್ಯೂಟರಿನಲ್ಲೂ ಇದ್ದರೆ ಮಾತ್ರ ಉಪಯೋಗ.

ಡಾಂಗಲ್ ಹಾಕಿದ್ದೇನೆ, ಪಕ್ಕದಲ್ಲೇ ಕುಳಿತಿದ್ದೇನೆ. ಆದರೂ ಧ್ವನಿ ತುಂಡು ತುಂಡಾಗುತ್ತದೆ.

ಡಾಂಗಲ್ ಪಕ್ಕದ ಪೋರ್ಟಿನಲ್ಲಿ ಹಾರ್ಡ್‌ಡಿಸ್ಕ್ ಅಥವಾ ಪೆನ್‌ಡ್ರೈವ್ ಇದೆಯೇ ನೋಡಿ. ಯುಎಸ್‌ಬಿ 3.0 ಹೊರಸೂಸುವ ವಿದ್ಯುತ್ ಗದ್ದಲ 2.4 ಗಿಗಾಹರ್ಟ್ಸ್ ತರಂಗಗಳಿಗೆ ಅಡ್ಡಿಯಾಗುತ್ತದೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ವಿವರವಾಗಿ ಹೇಳಿದೆ. ಮೊಳದುದ್ದದ ಯುಎಸ್‌ಬಿ ಎಕ್ಸ್‌ಟೆನ್ಷನ್ ತಂತಿಯಲ್ಲಿ ಡಾಂಗಲನ್ನು ಮೇಜಿನ ಮೇಲಕ್ಕೆ ತನ್ನಿ. ಬಹಳ ಸಲ ಅಷ್ಟಕ್ಕೇ ಸರಿಹೋಗುತ್ತದೆ.

ವಿವರಪಟ್ಟಿಯಲ್ಲಿ ಇಷ್ಟೊಂದು ಸಂಖ್ಯೆಗಳಿವೆ. ಯಾವುದನ್ನು ನಂಬಲಿ?

‘20–20,000 ಹರ್ಟ್ಸ್’ ಎಂಬುದನ್ನು ಬಿಟ್ಟುಬಿಡಿ. ಅದು ಮನುಷ್ಯನ ಕಿವಿಯ ವ್ಯಾಪ್ತಿ, ಎಲ್ಲ ಡಬ್ಬಿಗಳ ಮೇಲೂ ಇರುತ್ತದೆ. ಎಷ್ಟು ಡೆಸಿಬೆಲ್ ಏರುಪೇರಿನೊಳಗೆ ಎಂದು ಹೇಳದಿದ್ದರೆ ಅದಕ್ಕೆ ಅರ್ಥವಿಲ್ಲ. 40 ಮಿ.ಮೀ. ಸ್ಪೀಕರ್‌ಗಿಂತ 50 ಮಿ.ಮೀ. ಮೇಲು ಎಂಬುದೂ ಹಾಗೆಯೇ. ಸುತ್ತಲಿಂದಲೂ ಸದ್ದು ಬಂದಂತೆ ಕೇಳಿಸುವ 7.1 ಸರೌಂಡ್ ಕರೆಗಳಿಗೆ ಬೇಕಿಲ್ಲ. ಇಂಪಿಡೆನ್ಸ್ (ವಿದ್ಯುತ್ ಹರಿವಿಗೆ ಸ್ಪೀಕರ್ ಒಡ್ಡುವ ತಡೆ) 16ರಿಂದ 32 ಓಮ್ ಇದ್ದರೆ ಯಾವ ಕಂಪ್ಯೂಟರಿಗೂ ಸಲೀಸು.

ನಿಜವಾಗಿ ಓದಬೇಕಾದದ್ದು ತೂಕ, ತಂತಿಯ ಉದ್ದ, ಮೈಕ್ ತೆರೆದಾಗಿನ ಬ್ಯಾಟರಿ ಅವಧಿ (ಹಾಡಿನ ಅವಧಿಗಿಂತ ಅದು ಕಡಿಮೆಯಿರುತ್ತದೆ), ಮೈಕ್‌ನ ವ್ಯಾಪ್ತಿ. ಮೈಕ್ 7,000 ಹರ್ಟ್ಸ್ ದಾಟಿದರೆ ಮಾತಿಗೆ ಧಾರಾಳವಾಯಿತು. ಇಯರ್‌ಕಪ್‌ನ ಒಳ ಅಳತೆಯನ್ನು ಬಹುತೇಕ ತಯಾರಕರು ಮುದ್ರಿಸುವುದೇ ಇಲ್ಲ. ಮಾರುವವರನ್ನು ಕೇಳಿ ತಿಳಿದುಕೊಳ್ಳಿ, ಇಲ್ಲವೇ ಅಳತೆಪಟ್ಟಿಯನ್ನು ಜೇಬಿನಲ್ಲಿಟ್ಟುಕೊಂಡೇ ಅಂಗಡಿಗೆ ಹೋಗಿ.